ಗಾಲಿಯ ಮೇಲಿನ ಮನೆ, ಅಳೆದು ಬಳಸುವ ನೀರು

ಅಮೆರಿಕದ ನೈಋತ್ಯದಲ್ಲಿ ಯೂಟಾ ಮತ್ತು ಅರಿಝೋನಾ ರಾಜ್ಯಗಳು ಕೂಡುವಲ್ಲಿ ಕೆಂಬಂಡೆಗಳ ದೊಡ್ಡ ಮರುಭೂಮಿಯಿದೆ. ನದಿಗಳು ಲಕ್ಷಾಂತರ ವರ್ಷ ಕೊರೆದು ಮಾಡಿದ ಆಳವಾದ ಕಮರಿಗಳ ನಾಡು ಅದು. ಅಕ್ಟೋಬರ್ ಬಂತೆಂದರೆ ಬೇಸಿಗೆಯ ಉರಿ ಇಳಿಯುತ್ತದೆ, ಹೊಳೆ ದಂಡೆಯ ಮರಗಳ ಎಲೆ ಹಳದಿಗೆ ತಿರುಗುತ್ತದೆ. ಆಗ ಅಲ್ಲಿನ ರಸ್ತೆಗಳಲ್ಲಿ ಬಸ್ಸಿನಂಥ ವಾಹನಗಳು ಬಹಳ ಕಾಣಸಿಗುತ್ತವೆ. ಮಂಚ, ಗ್ಯಾಸ್ ಒಲೆ, ಫ್ರಿಜ್, ಬಚ್ಚಲು ಎಲ್ಲವನ್ನೂ ಒಳಗಿಟ್ಟುಕೊಂಡು ಓಡುವ ಈ ಗಾಲಿಯ ಮನೆಗೆ ಅಲ್ಲಿನವರು ಆರ್‌ವಿ ಎನ್ನುತ್ತಾರೆ.

ನಮ್ಮ ಕರಾವಳಿಯ, ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ಅಂಥ ಕುಟುಂಬಗಳಿಗೆ ಆರ್‌ವಿ ಪ್ರವಾಸ ಹಲವು ರೀತಿಯಲ್ಲಿ ಒಗ್ಗುತ್ತದೆ. ಹಲಾಲ್ ಊಟ ಎಲ್ಲಿ ಸಿಗುತ್ತದೆಂದು ಹುಡುಕಬೇಕಿಲ್ಲ. ನಮಾಝ್‌ಗೆ ಚಾಪೆ ಹಾಸಲು ಸ್ವಂತ ಜಾಗವಿದೆ. ಹೆಣ್ಮಕ್ಕಳಿಗೆ ಮರೆಯಿದೆ. ಆದರೆ ಈ ಮನೆಯೊಳಗೆ ಕಾಲಿಟ್ಟ ಗೃಹಿಣಿಗೆ ಮೊದಲ ದಿನವೇ ಒಂದು ಪಾಠ ಸಿಗುತ್ತದೆ. ಅದು ನೀರಿನ ಪಾಠ.

ಟ್ಯಾಂಕು ಕಲಿಸುವ ಲೆಕ್ಕ

ಮಧ್ಯಮ ಗಾತ್ರದ ಆರ್‌ವಿಯ ಟ್ಯಾಂಕು ನೂರೈವತ್ತು ಲೀಟರಿನ ಆಸುಪಾಸಿನದು. ಅಡುಗೆ, ಪಾತ್ರೆ, ಸ್ನಾನ, ಶೌಚ, ವುಝೂ ಎಲ್ಲಕ್ಕೂ ಅದೇ ನೀರು. ಪಾತ್ರೆ ತೊಳೆದ ನೀರು ಕೆಳಗಿನ ಇನ್ನೊಂದು ಟ್ಯಾಂಕಿಗೆ ಇಳಿಯುತ್ತದೆ, ಶೌಚದ್ದು ಮತ್ತೊಂದಕ್ಕೆ. ಯಾವುದನ್ನೂ ದಾರಿಬದಿಗೆ ಚೆಲ್ಲುವಂತಿಲ್ಲ. ಅದಕ್ಕೆಂದೇ ಇರುವ ಜಾಗಕ್ಕೆ ಹೋಗಿ ಪೈಪು ಜೋಡಿಸಿ ಖಾಲಿ ಮಾಡಬೇಕು. ಊರಿನಲ್ಲಿ ನಲ್ಲಿ ತೆರೆದಿಟ್ಟೇ ಹಲ್ಲುಜ್ಜುವ ಮಕ್ಕಳು ಇಲ್ಲಿ ಎರಡೇ ದಿನದಲ್ಲಿ ಲೋಟ ಹಿಡಿಯುತ್ತಾರೆ.

ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಮುದ್ದ್ ಎಂದರೆ ಎರಡೂ ಕೈ ಸೇರಿಸಿ ಹಿಡಿದ ಒಂದು ಬೊಗಸೆಯಷ್ಟು, ಒಂದು ಲೀಟರಿಗೂ ಕಡಿಮೆ. ಈ ಮಾತನ್ನು ನಾವು ಮದ್ರಸದಲ್ಲಿ ಓದಿದ್ದೇವೆ, ಮಕ್ಕಳಿಗೂ ಹೇಳಿದ್ದೇವೆ. ಅದು ಆಚರಣೆಗೆ ಬರುವುದು ಟ್ಯಾಂಕಿನ ಮುಳ್ಳು ಕೆಳಗಿಳಿಯುವುದನ್ನು ಕಣ್ಣಾರೆ ಕಂಡಾಗ.

ಇನ್ನೊಂದು ಮಾತು. ಅಡುಗೆಮನೆ ಜೊತೆಗೇ ಬಂದಿದೆಯೆಂದು ಪ್ರವಾಸದಲ್ಲೂ ಗೃಹಿಣಿಯೊಬ್ಬಳೇ ಒಲೆಯ ಮುಂದೆ ನಿಲ್ಲುವಂತಾದರೆ ಅವಳಿಗೆ ಸಿಕ್ಕಿದ್ದೇನು? ಪ್ರವಾದಿ(ಸ)ಯವರು ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಷಾ(ರ) ತಿಳಿಸಿದ್ದಾರೆ. ಟ್ಯಾಂಕು ತುಂಬಿಸುವುದು, ಖಾಲಿ ಮಾಡುವುದು, ಪಾತ್ರೆ ತೊಳೆಯುವುದು ಗಂಡನ ಮತ್ತು ಬೆಳೆದ ಮಕ್ಕಳ ಪಾಲಿಗಿರಲಿ.

ದಾರಿಯುದ್ದಕ್ಕೂ

ಹೆಚ್ಚಿನವರು ಲಾಸ್ ವೇಗಸ್‌ನಲ್ಲಿ ವಾಹನ ಬಾಡಿಗೆಗೆ ಪಡೆದು ಸುಮಾರು 260 ಕಿ.ಮೀ. ದೂರದ ಝಯಾನ್ ಉದ್ಯಾನಕ್ಕೆ ಹೊರಡುತ್ತಾರೆ. ಅಲ್ಲಿಂದ ಪೂರ್ವಕ್ಕೆ ಹೋಗುವ ದಾರಿಯಲ್ಲಿ 1930ರಲ್ಲಿ ತೆರೆದ ಸುರಂಗವಿದೆ. ಅಂದಿನ ಕಾರುಗಳ ಅಳತೆಗೆ ಕೊರೆದದ್ದಾದ್ದರಿಂದ ದೊಡ್ಡ ಆರ್‌ವಿಗೆ ಅದು ಕಿರಿದು. ನಿಯಮ ವಿಚಾರಿಸಿಯೇ ದಾರಿ ಆರಿಸಿಕೊಳ್ಳಬೇಕು. ಮುಂದಿನ ಬ್ರೈಸ್ ಕಣಿವೆಯ ಅಂಚು ಸಮುದ್ರ ಮಟ್ಟದಿಂದ 2,400 ಮೀಟರಿಗೂ ಎತ್ತರ. ಬಂಡೆಯ ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಹಗಲು ಕರಗಿ, ಕಲ್ಲನ್ನು ಸೀಳಿ ಸಾವಿರಾರು ಕಂಬಗಳನ್ನು ಕಡೆದಿದೆ. ಅಕ್ಟೋಬರ್‌ನ ರಾತ್ರಿ ಅಲ್ಲಿ ಆರ್‌ವಿಯ ಪೈಪುಗಳೂ ಹೆಪ್ಪುಗಟ್ಟಬಹುದು.

ನಮಾಝ್‌ನ ವೇಳೆಯ ಬಗ್ಗೆಯೂ ಎಚ್ಚರ ಬೇಕು. ಅಕ್ಟೋಬರ್‌ನಲ್ಲಿ ಯೂಟಾದ ಗಡಿಯಾರ ಅರಿಝೋನಾದ್ದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಅರಿಝೋನಾದೊಳಗೇ ಇರುವ ನವಾಹೋ ಬುಡಕಟ್ಟಿನ ನೆಲಕ್ಕೆ ಬಂದರೆ ಮತ್ತೆ ಯೂಟಾದ ಗಂಟೆ. ಒಂದೇ ದಿನದಲ್ಲಿ ಮೊಬೈಲು ಎರಡು ಮೂರು ಬಾರಿ ಹಿಂದೆ ಮುಂದೆ ಜಿಗಿಯಬಹುದು. ಸೂರ್ಯನಿಗೆ ಈ ಗೊಂದಲವಿಲ್ಲ. ನೆರಳು ನೋಡಿ ಅಸರ್ ಗುರುತಿಸುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಬಯಲು ಸಿಗದು. ಪ್ರಯಾಣಿಕರು ನಾಲ್ಕು ರಕಅತ್‌ಗಳ ಕಡ್ಡಾಯ ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿಯಿದೆ. ಒಂದೇ ಕಡೆ ಹಲವು ದಿನ ತಂಗುವುದಾದರೆ ತಮ್ಮ ಮದ್‌ಹಬ್‌ನ ಆಲಿಮರನ್ನು ಕೇಳಿಕೊಂಡು ಹೊರಡುವುದು ಒಳಿತು.

ಪೇಜ್ ಪಟ್ಟಣದ ಬಳಿಯ ಆ್ಯಂಟಿಲೋಪ್ ಕಮರಿ ಒಬ್ಬೊಬ್ಬರೇ ನುಸುಳುವಷ್ಟು ಇಕ್ಕಟ್ಟು. 1997ರ ಆಗಸ್ಟ್ 12ರಂದು ಅಲ್ಲಿ ಹಠಾತ್ ನುಗ್ಗಿದ ನೆರೆಗೆ 11 ಪ್ರವಾಸಿಗರು ಬಲಿಯಾದರು. ಮಳೆ ಸುರಿದದ್ದು ಮೈಲುಗಳಾಚೆ. ಬಂಡೆಯ ನೆಲ ನೀರು ಕುಡಿಯುವುದಿಲ್ಲವಾದ್ದರಿಂದ ದೂರದ ಮಳೆಯೂ ಕಮರಿಯಲ್ಲಿ ಗೋಡೆಯಂತೆ ಬರುತ್ತದೆ. ಈಗ ನವಾಹೋ ಮಾರ್ಗದರ್ಶಕರಿಲ್ಲದೆ ಒಳಗೆ ಬಿಡುವುದಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಪಾಯ ಹೆಚ್ಚು, ಶರತ್ಕಾಲದಲ್ಲಿ ಕಡಿಮೆ. ಆದರೂ ಹವಾಮಾನ ವರದಿ ನೋಡದೆ ಇಕ್ಕಟ್ಟಾದ ಕಮರಿಗೆ ಇಳಿಯಬಾರದು.

ನೀರಿನ ಪಕ್ಕದಲ್ಲೇ ನೀರಿಲ್ಲದವರು

ಅದೇ ಪೇಜ್‌ನಲ್ಲಿ ಕೊಲರಾಡೋ ನದಿಗೆ ಅಡ್ಡವಾಗಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನಿಂತಿದೆ. 1963ರಲ್ಲಿ ನೀರು ತಡೆಯತೊಡಗಿದ ಅದರ ಹಿಂದಿನ ಪೊವೆಲ್ ಸರೋವರ ತುಂಬಿದ್ದು 1980ರಲ್ಲಿ. ಬರಗಾಲ ಮತ್ತು ಮಿತಿಮೀರಿದ ಬಳಕೆಯಿಂದ 2023ರಲ್ಲಿ ಅದರ ಮಟ್ಟ ಅಲ್ಲಿಯವರೆಗಿನ ಅತ್ಯಂತ ಕೆಳಕ್ಕೆ ಕುಸಿಯಿತು. ಹಿಂದೆ ನೀರಿದ್ದ ಎತ್ತರದವರೆಗೂ ಬಂಡೆಗಳ ಮೇಲೆ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಸುಮಾರು ನಾಲ್ಕು ಕೋಟಿ ಜನ ನೆಚ್ಚಿಕೊಂಡಿರುವ ಈ ನದಿ ಹೆಚ್ಚಿನ ವರ್ಷಗಳಲ್ಲಿ ಸಮುದ್ರ ಸೇರುವುದೇ ಇಲ್ಲ.

ಈ ಸರೋವರದ ದಂಡೆಯಿಂದ ಆರಂಭವಾಗುವುದೇ ನವಾಹೋ ಜನರ ನೆಲ. ಅದು ಅಮೆರಿಕದ ಮೂಲನಿವಾಸಿಗಳ ಅತಿ ದೊಡ್ಡ ಮೀಸಲು ಪ್ರದೇಶ. ಅಲ್ಲಿನ ಸುಮಾರು ಶೇ. 30ರಷ್ಟು ಮನೆಗಳಿಗೆ ಇಂದಿಗೂ ನಲ್ಲಿ ನೀರಿಲ್ಲ. ಮೈಲುಗಟ್ಟಲೆ ಹೋಗಿ ಡ್ರಮ್ಮುಗಳಲ್ಲಿ ನೀರು ತುಂಬಿಸಿ ತರುತ್ತಾರೆ. 2020ರಲ್ಲಿ ಕೋವಿಡ್ ಬಂದಾಗ, ಪದೇ ಪದೇ ಕೈ ತೊಳೆಯಿರಿ ಎಂದು ಲೋಕವೆಲ್ಲ ಹೇಳುತ್ತಿದ್ದಾಗ, ಇಲ್ಲಿನ ತಾಯಂದಿರು ತೊಳೆಯಲು ನೀರೆಲ್ಲಿಂದ ತರಬೇಕಿತ್ತು? ತಮಗೆ ಬೇಕಾದ ನೀರನ್ನು ದೊರಕಿಸಿಕೊಡಲು ಸರಕಾರ ಮುಂದಾಗಬೇಕೆಂದು ನವಾಹೋ ಜನ 1868ರ ಒಪ್ಪಂದವನ್ನು ಮುಂದಿಟ್ಟು ನ್ಯಾಯಾಲಯದ ಮೆಟ್ಟಿಲೇರಿದರು. ಅಂಥ ಹೊಣೆ ಸರಕಾರದ ಮೇಲಿಲ್ಲವೆಂದು ಸುಪ್ರೀಂ ಕೋರ್ಟು 2023ರ ಜೂನ್‌ನಲ್ಲಿ ತೀರ್ಪಿತ್ತಿತು. ಒಂಬತ್ತು ನ್ಯಾಯಾಧೀಶರಲ್ಲಿ ನಾಲ್ವರು ಇದನ್ನು ಒಪ್ಪಲಿಲ್ಲ.

ಪ್ರವಾಸಿ ವಾರಗಟ್ಟಲೆ ಅಳೆದು ನೀರು ಬಳಸುವುದು ಒಂದು ಅನುಭವ. ಅದು ಮುಗಿದ ಮೇಲೆ ತುಂಬಿದ ನಲ್ಲಿಯ ಮನೆಗೆ ಮರಳುತ್ತಾನೆ. ಮಾನ್ಯುಮೆಂಟ್ ವ್ಯಾಲಿಯ ಕೆಂಪು ಗೋಪುರಗಳ ಕೆಳಗೆ ಕಂಬಳಿ, ಆಭರಣ ಮಾರುವ ನವಾಹೋ ಹೆಂಗಸಿಗೆ ಅಂಥ ಮರಳುವಿಕೆ ಇಲ್ಲದಿರಬಹುದು. ಅವಳಿಂದ ಏನಾದರೂ ಕೊಳ್ಳುವಾಗ ಚೌಕಾಸಿಗಿಳಿಯದೆ ಕೊಳ್ಳಿ.

ಕೊನೆಯ ತಂಗುದಾಣ ಗ್ರ್ಯಾಂಡ್ ಕ್ಯಾನ್ಯನ್. 446 ಕಿ.ಮೀ. ಉದ್ದ, ಒಂದೂವರೆ ಕಿ.ಮೀ.ಗೂ ಮಿಕ್ಕಿದ ಆಳ. ತಳದ ಬಂಡೆ ಸುಮಾರು 170 ಕೋಟಿ ವರ್ಷ ಹಳೆಯದು. ಭೂಮಿಯಲ್ಲಿ ಸಂಚರಿಸಿ ಕಣ್ತೆರೆದು ನೋಡುವಂತೆ ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ಆ ಅಂಚಿನಲ್ಲಿ ನಿಂತವರಿಗೆ ಅಲ್ಲಾಹನ ಸೃಷ್ಟಿಯ ಹಿರಿಮೆ ಕಾಣುತ್ತದೆ, ಜೊತೆಗೆ ಅದನ್ನು ಕೊರೆದ ನೀರು ಎಷ್ಟು ಕೆಳಗೆ, ಎಷ್ಟು ತೆಳುವಾದ ಗೆರೆಯಾಗಿ ಹರಿಯುತ್ತಿದೆ ಎಂಬುದೂ ಕಾಣುತ್ತದೆ.

ಇದನ್ನು ಕಲಿಯಲು ಎಲ್ಲರೂ ಅಮೆರಿಕಕ್ಕೆ ಹೋಗಬೇಕಿಲ್ಲ. ನಾಳೆ ಫಜ್ರ್‌ಗೆ ಎದ್ದಾಗ ನಲ್ಲಿಯ ಬದಲು ಒಂದು ಲೀಟರಿನ ಚೊಂಬಿನಲ್ಲಿ ವುಝೂ ಮಾಡಿ ನೋಡಿ. ನಿಧಾನವಾಗಿ ಮಾಡಿದರೆ ಚೊಂಬಿನಲ್ಲಿ ನೀರು ಮಿಗುತ್ತದೆ.