ನಾಯಿಯ ಹೊಲಿಗೆ ಗಾಯಕ್ಕೆ ಮನೆಮದ್ದು ಎಷ್ಟು ಸರಿ?

ತೋಟ, ಕುರಿಹಟ್ಟಿ ಕಾಯುವ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಗೆ ತಂದ ಮೇಲೆ ಹೊಲಿಗೆಗೆ ಏನು ಹಚ್ಚಬೇಕು ಎಂದು ರೈತರು ಕೇಳುವುದುಂಟು. ನಾನು ಪಶುವೈದ್ಯನಲ್ಲ, ಬೇಸಾಯಶಾಸ್ತ್ರ ಕಲಿಸುವವನು. ಆದರೆ ಜನರು ಹಚ್ಚುವ ವಸ್ತುಗಳಲ್ಲಿ ಬಹುಪಾಲು ಹೊಲ ಹಿತ್ತಲಿನವು. ಕೆಲವಂತೂ ಕೀಟನಾಶಕದ ಡಬ್ಬದಿಂದಲೇ ಬರುತ್ತವೆ. ಆದುದರಿಂದ ಈ ಬರಹ.

ಮೊದಲಿಗೆ ತಿಳಿಯಬೇಕಾದುದು, ಶುಚಿಯಾಗಿ ಹೊಲಿದ ಗಾಯಕ್ಕೆ ಏನನ್ನೂ ಹಚ್ಚುವ ಅಗತ್ಯವಿಲ್ಲ. ಚರ್ಮದ ಅಂಚುಗಳು ಒಂದೆರಡು ದಿನಗಳಲ್ಲೇ ತೆಳುವಾಗಿ ಕೂಡಿಕೊಳ್ಳತೊಡಗುತ್ತವೆ. ಅದರ ಮೇಲೆ ಎಣ್ಣೆ, ಲೇಪ ಬಳಿದರೆ ಗಾಯ ತೇವವಾಗಿ ಮೆತ್ತಗಾಗುತ್ತದೆ, ಮಣ್ಣು ಅಂಟುತ್ತದೆ, ನಾಯಿಗೂ ನೆಕ್ಕುವ ಆಸೆ ಹುಟ್ಟುತ್ತದೆ. ಹೊಲಿಗೆ ಬಿಚ್ಚಿಹೋಗಲು ಈ ನೆಕ್ಕಾಟವೇ ದೊಡ್ಡ ಕಾರಣ. ನಾಯಿಯ ಎಂಜಲು ಔಷಧವೆಂಬ ಮಾತನ್ನು ಇಲ್ಲಿ ನಂಬಕೂಡದು. ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ ಕೊರಳಿಗೆ ಕಟ್ಟಿದರೆ ಬಾಯಿ ಗಾಯಕ್ಕೆ ಎಟುಕುವುದಿಲ್ಲ.

ಸುತ್ತ ಕೊಳೆಯಾಗಿದ್ದರೆ ಉಪ್ಪುನೀರು ಸಾಕು. ಒಂದು ಲೀಟರ್ ನೀರಿಗೆ 9 ಗ್ರಾಂ, ಎಂದರೆ ಸುಮಾರು ಒಂದೂವರೆ ಟೀ ಚಮಚ ಪುಡಿ ಉಪ್ಪು ಹಾಕಿ ಕುದಿಸಿ ಆರಿಸಿ, ಶುಚಿಯಾದ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ಉಜ್ಜಬಾರದು.

ಅರಿಸಿನದ ಗುಣ ಸುಳ್ಳಲ್ಲ. ಗಾಯಕ್ಕೆ ಅರಿಸಿನ ಬಳಸುವ ಬಗ್ಗೆ 1995ರಲ್ಲಿ ಅಮೆರಿಕದಲ್ಲಿ ನೀಡಿದ್ದ ಪೇಟೆಂಟನ್ನು, ಇದು ನಮ್ಮಲ್ಲಿ ಹಿಂದಿನಿಂದ ಬಂದ ತಿಳಿವಳಿಕೆಯೆಂದು ಭಾರತ ತೋರಿಸಿಕೊಟ್ಟ ಮೇಲೆ, 1997ರಲ್ಲಿ ರದ್ದುಪಡಿಸಲಾಯಿತು. ಆದರೂ ಅಡುಗೆಮನೆಯ ಪುಡಿಯನ್ನು ಹೊಲಿಗೆಯ ಸಂದಿಗೆ ತುಂಬುವುದು ಬೇರೆ ಮಾತು. ಅದು ರೋಗಾಣುರಹಿತವಲ್ಲ, ಕಲಬೆರಕೆಯ ಬಣ್ಣವೂ ಇರಬಹುದು; ಹಳದಿ ಹರಡಿದ ಮೇಲೆ ಚರ್ಮ ಕೆಂಪಾಗಿರುವುದೂ ಕಾಣದು.

ಜೇನುತುಪ್ಪದ್ದು ಸ್ವಲ್ಪ ಗಟ್ಟಿಯಾದ ಸಂಗತಿ. ಅದರಲ್ಲಿ ಸಕ್ಕರೆ ಹೆಚ್ಚು, ನೀರು ಕಡಿಮೆ, ಹುಳಿಗುಣವಿದೆ. ಗಾಯದ ರಸದಲ್ಲಿ ಬೆರೆತಾಗ ಅಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ರೋಗಾಣುಗಳು ಬೆಳೆಯಲು ಇವೆಲ್ಲ ಅಡ್ಡಿ. ಆದರೆ ಇದರ ಉಪಯೋಗ ಹೊಲಿಗೆ ಬಿಟ್ಟು ತೆರೆದುಕೊಂಡ ಗಾಯಕ್ಕೆ, ಅದೂ ವೈದ್ಯರು ನೋಡಿ ಹೇಳಿದ ಮೇಲೆ, ಬಟ್ಟೆ ಕಟ್ಟಿ. ಹಸಿ ಜೇನಿನಲ್ಲಿ ಕೆಲವು ರೋಗಾಣುಗಳ ಬೀಜಕಗಳು ಇರುವುದುಂಟು. ಕುದಿಸಿದರೆ ಅವು ಸಾಯುವುದಿಲ್ಲ, ಪೆರಾಕ್ಸೈಡ್ ಹುಟ್ಟಿಸುವ ಕಿಣ್ವ ಮಾತ್ರ ಕೆಡುತ್ತದೆ! ವೈದ್ಯಕೀಯ ಬಳಕೆಯ ಜೇನನ್ನು ವಿಕಿರಣದಿಂದ ಶುದ್ಧಿ ಮಾಡಿರುತ್ತಾರೆ.

ಲೋಳೆಸರದ ಸಿಪ್ಪೆಯಡಿಯ ಹಳದಿ ಹಾಲು ನಾಯಿಯ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಬೇವಿನ ಎಣ್ಣೆಯನ್ನು ನೆಕ್ಕಿದರೆ ವಾಂತಿಯಾಗಬಹುದು. ಇವೆರಡೂ ಹೊಲಿಗೆಗೆ ಬೇಡ. ನೊಣ ಕಾಟವಿದ್ದರೆ ನಾಯಿಯನ್ನು ಒಣಗಿದ ನೆಲದಲ್ಲಿ, ಸೊಳ್ಳೆಪರದೆಯೊಳಗೆ ಕಟ್ಟುವುದೇ ಮೇಲು. ನೊಣದ ಮೊಟ್ಟೆ ಒಂದೇ ದಿನದಲ್ಲಿ ಒಡೆಯುತ್ತದೆ; ಆದ್ದರಿಂದ ಗಾಯವನ್ನು ಬೆಳಿಗ್ಗೆ ಸಂಜೆ ನೋಡತಕ್ಕದ್ದು.

ಹುಳು ಬಿದ್ದಿತೆಂದು ಬೆಳೆಗೆ ಹೊಡೆಯುವ ಪುಡಿ ಉದುರಿಸುವುದು, ಸೀಮೆಎಣ್ಣೆ ಇಲ್ಲವೆ ಫಿನೈಲ್ ಸುರಿಯುವುದು ಪ್ರಾಣಾಪಾಯ. ರಂಜಕಯುಕ್ತ ಕೀಟನಾಶಕಗಳು ಚರ್ಮದ ಮೂಲಕವೇ ಒಳಸೇರುತ್ತವೆ, ಹಸಿ ಗಾಯದಲ್ಲಿ ಇನ್ನೂ ಬೇಗ. ಜೊಲ್ಲು ಸುರಿದು, ಮೈ ನಡುಗಿ, ಉಸಿರು ಕಟ್ಟುತ್ತದೆ. ಯಾರಾದರೂ ಹಾಕಿಯೇ ಬಿಟ್ಟಿದ್ದರೆ ಕೈಗವಸು ತೊಟ್ಟು ಸಾಬೂನು ನೀರಿನಿಂದ ತೊಳೆದು, ಆ ಡಬ್ಬವನ್ನೂ ಜೊತೆಗೊಯ್ದು ಪಶುವೈದ್ಯರಿಗೆ ತೋರಿಸಬೇಕು.

ಊತ ಏರಿದರೆ, ಕೀವು ಅಥವಾ ದುರ್ವಾಸನೆ ಬಂದರೆ, ಅಂಚು ಬಿರಿದರೆ, ನಾಯಿ ಅನ್ನ ಬಿಟ್ಟರೆ ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಇಲ್ಲದಿದ್ದರೆ 10ರಿಂದ 14 ದಿನಗಳಲ್ಲಿ ಹೊಲಿಗೆ ತೆಗೆಸಲು ಹೋದರಾಯಿತು.