ದುಬೈನಲ್ಲಿ ಸಣ್ಣ ಸಂಗೀತ ಕಾರ್ಯಕ್ರಮಕ್ಕೆ ಜನ ಯಾಕೆ ಸೇರಲ್ಲ? ಒಂದು ಖರ್ಚು-ವೆಚ್ಚದ ಲೆಕ್ಕ

ದುಬೈನ ಜನಸಂಖ್ಯೆ 38 ಲಕ್ಷ ದಾಟಿದೆ. ಇದರಲ್ಲಿ ನಮ್ಮ ಕನ್ನಡದವರು, ತುಳುವರು, ಬ್ಯಾರಿಗಳು, ಕೊಂಕಣಿಗರು ಎಲ್ಲಾ ಸೇರಿ ದೊಡ್ಡ ಸಂಖ್ಯೆಯಲ್ಲೇ ಇದ್ದೇವೆ. ಆದರೂ 250 ಸೀಟಿನ ಹಾಲ್‌ನಲ್ಲಿ ಒಂದು ಸುಗಮ ಸಂಗೀತ ಸಂಜೆ ಇಟ್ಟರೆ ಮೊದಲ ಎರಡು ಸಾಲು ಗಣ್ಯರಿಗೆ ಮೀಸಲು ಅಂತ ಖಾಲಿ, ಹಿಂದಿನ ಆರು ಸಾಲು ಜನ ಬಾರದೆ ಖಾಲಿ. ನಡುವೆ ಕೂತವರು ಸಂಘಟಕರ ಮನೆಯವರು ಮತ್ತು ಹಾಡುವ ಮಕ್ಕಳ ಅಪ್ಪ-ಅಮ್ಮ. "ನಮ್ಮವರಿಗೆ ಕಲೆ ಬೇಡ, ಬಿರಿಯಾನಿ ಸಾಕು" ಅಂತ ಬೈದು ಸುಮ್ಮನಾಗುವುದು ಸುಲಭ. ಆದರೆ ಲೆಕ್ಕ ಬಿಡಿಸಿ ನೋಡಿದರೆ ವಿಷಯ ಬೇರೆಯೇ ಇದೆ.

ಈ ಊರಿನಲ್ಲಿ ಸಂಗೀತಕ್ಕೆ ಜನ ಬರಲ್ಲ ಅನ್ನುವ ಮಾತೇ ತಪ್ಪು. 2019ರಲ್ಲಿ ತೆರೆದ ಕೋಕಾ-ಕೋಲಾ ಅರೀನಾದಲ್ಲಿ 17,000 ಮಂದಿ ಹಿಡಿಯುತ್ತಾರೆ, ದೊಡ್ಡ ಹೆಸರು ಬಂದರೆ ಟಿಕೆಟ್ ಸಿಗುವುದೇ ಕಷ್ಟ. 2016ರಲ್ಲಿ ಶುರುವಾದ ದುಬೈ ಒಪೇರಾದಲ್ಲಿ ಸುಮಾರು 2,000 ಸೀಟು. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡ ಅಬುಧಾಬಿಯ ಜಾಯೆದ್ ಸ್ಪೋರ್ಟ್ಸ್ ಸಿಟಿ ಸ್ಟೇಡಿಯಂನಲ್ಲಿ ಒಂದಲ್ಲ, ನಾಲ್ಕು ರಾತ್ರಿ ಹಾಡಿತು. ಅಂದರೆ ಜನ ಇದ್ದಾರೆ, ದುಡ್ಡು ಕೊಡುತ್ತಾರೆ, ಟ್ರಾಫಿಕ್‌ನಲ್ಲಿ ಕಾಯುತ್ತಾರೆ. ಕಷ್ಟ ಇರುವುದು ಸಣ್ಣ ಕಾರ್ಯಕ್ರಮಕ್ಕೆ ಮಾತ್ರ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಖಾಲಿ ಸೀಟಿಗೂ ಖರ್ಚು ಇದೆ

ಒಂದು ಉದಾಹರಣೆ ತೆಗೆದುಕೊಳ್ಳಿ. ಇದು ಯಾವುದೇ ಸಂಘದ ಲೆಕ್ಕಪತ್ರವಲ್ಲ, ಅರ್ಥವಾಗಲಿ ಅಂತ ನಾನು ಹಾಕಿದ ಅಂಕಿಗಳು. ಊರಿನಿಂದ ಇಬ್ಬರು ಗಾಯಕರು, ಇಲ್ಲಿನ ತಬಲಾ-ಕೀಬೋರ್ಡ್‌ನವರು, 250 ಸೀಟಿನ ಹಾಲ್.

ಹಾಲ್ ಬಾಡಿಗೆ 5,000 ದಿರ್ಹಮ್. ಸೌಂಡ್ ಮತ್ತು ಲೈಟ್ 4,000. ಗಾಯಕರ ಸಂಭಾವನೆ 5,000. ಅವರ ವಿಮಾನ ಟಿಕೆಟ್, ವಾಸ್ತವ್ಯ 3,500. ಸ್ಥಳೀಯ ವಾದ್ಯಗಾರರಿಗೆ 1,500. ಅನುಮತಿ, ಟಿಕೆಟಿಂಗ್, ಚಹಾ-ನೀರು ಇತ್ಯಾದಿ 1,000. ಒಟ್ಟು 20,000 ದಿರ್ಹಮ್.

ಕಾಮರ್ಸ್ ಓದಿದವರಿಗೆ ಗೊತ್ತಿರುವ ವಿಷಯ: ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸ್ಥಿರ ವೆಚ್ಚ. ಹತ್ತು ಜನ ಬಂದರೂ 20,000, ಇನ್ನೂರೈವತ್ತು ಜನ ಬಂದರೂ 20,000. ಒಬ್ಬ ಕೇಳುಗ ಹೆಚ್ಚಿಗೆ ಬಂದರೆ ಹೆಚ್ಚುವ ಖರ್ಚು ಒಂದು ಲೋಟ ಚಹಾ, ಅಷ್ಟೇ. ಬಾರದಿದ್ದರೆ ಆ ಸೀಟಿನ ಆದಾಯ ಶಾಶ್ವತವಾಗಿ ಹೋಯಿತು. ವಿಮಾನದ ಖಾಲಿ ಸೀಟಿನ ಹಾಗೆ. ನಾಳೆಗೆ ಎತ್ತಿಟ್ಟು ಮಾರಲು ಆಗಲ್ಲ.

ಹಾಲ್ ಪೂರ್ತಿ ತುಂಬಿದರೆ ತಲೆಗೆ 80 ದಿರ್ಹಮ್ ಖರ್ಚು. 140 ಜನ ಮಾತ್ರ ಬಂದರೆ ತಲೆಗೆ ಸುಮಾರು 143. ಆದರೆ ನಮ್ಮವರಿಗೆ ಅಂತ ಇಡುವ ಟಿಕೆಟ್ ಎಷ್ಟು? 50 ದಿರ್ಹಮ್. ಹಾಲ್ ಭರ್ತಿಯಾದರೂ ಬರುವುದು 12,500. ಉಳಿದ 7,500 ಪ್ರಾಯೋಜಕರು ಕೊಡಬೇಕು. 140 ಜನ ಮಾತ್ರ ದುಡ್ಡು ಕೊಟ್ಟರೆ ಬರುವುದು 7,000, ಕೊರತೆ 13,000. ಹಾಗಾಗಿ ಸಣ್ಣ ಕಾರ್ಯಕ್ರಮದಲ್ಲಿ ಲಾಭದ ಮಾತೇ ಇಲ್ಲ. ಕೊರತೆ ಎಷ್ಟು, ಅದನ್ನು ಯಾರು ತುಂಬುತ್ತಾರೆ ಅನ್ನುವುದೇ ಪ್ರಶ್ನೆ.

ವ್ಯಾಟ್ ವಿಷಯವೂ ಸೇರಿಸಿ. 2018ರ ಜನವರಿ 1ರಿಂದ ಇಲ್ಲಿ ಶೇ. 5 ವ್ಯಾಟ್ ಇದೆ. ವರ್ಷಕ್ಕೆ 3,75,000 ದಿರ್ಹಮ್ ವಹಿವಾಟು ದಾಟಿದವರು ಕಡ್ಡಾಯವಾಗಿ ನೋಂದಾಯಿಸಬೇಕು. ಸಣ್ಣ ಬಳಗಗಳು ಅಷ್ಟು ದೂರ ಹೋಗಲ್ಲ. ಹಾಗಾಗಿ ಹಾಲ್‌ನವರು, ಸೌಂಡ್‌ನವರು ಬಿಲ್‌ನಲ್ಲಿ ಹಾಕುವ ವ್ಯಾಟ್ ಕೊಡಲೇಬೇಕು, ಆದರೆ ಅದನ್ನು ವಾಪಸ್ ಪಡೆಯಲು ಬರಲ್ಲ. ದೊಡ್ಡ ಕಂಪನಿ ಅದನ್ನು ತನ್ನ ರಿಟರ್ನ್‌ನಲ್ಲಿ ಸರಿದೂಗಿಸಿಕೊಳ್ಳುತ್ತೆ. 9,000 ದಿರ್ಹಮ್ ಬಿಲ್ಲಿಗೆ 450 ದಿರ್ಹಮ್, ಅಂದರೆ ಒಂಬತ್ತು ಟಿಕೆಟಿನ ದುಡ್ಡು, ಹೀಗೇ ಹೋಗುತ್ತೆ.

ಫ್ರೀ ಪಾಸ್ ಅನ್ನುವ ಕಾಯಿಲೆ

ಹಾಲ್‌ನಲ್ಲಿ 200 ಜನ ಕಂಡರೆ ಹೊರಗಿನವರು "ಕಾರ್ಯಕ್ರಮ ಸಕ್ಸಸ್" ಅಂತಾರೆ. ಅದರಲ್ಲಿ 60 ಜನ ಪಾಸ್‌ನವರಾದರೆ ದುಡ್ಡು ಬಂದಿರುವುದು ಅದೇ 140 ಜನರದ್ದು. ಪಾಸ್ ಕೇಳುವವರು ಯಾರು ನೋಡಿ: ಕಾರು ಇರುವವರು, ಒಳ್ಳೆಯ ಹುದ್ದೆಯಲ್ಲಿ ಇರುವವರು, "ನಮ್ಮದೇ ಕಾರ್ಯಕ್ರಮ ಅಲ್ವಾ" ಅನ್ನುವವರು. 1,200 ದಿರ್ಹಮ್ ಸಂಬಳದ ಹುಡುಗ ಪಾಸ್ ಕೇಳಲು ಸಂಕೋಚ ಪಡುತ್ತಾನೆ, ಟಿಕೆಟ್ ತೆಗೆಯುತ್ತಾನೆ ಇಲ್ಲಾ ಬರುವುದೇ ಇಲ್ಲ. ಅಂದರೆ ನಮ್ಮ ಪಾಸ್ ಪದ್ಧತಿಯಲ್ಲಿ ಬಡವರ ಟಿಕೆಟ್ ದುಡ್ಡಿನಲ್ಲಿ ಉಳ್ಳವರು ಹಾಡು ಕೇಳುತ್ತಾರೆ. ಇದು ಸರಿಯಾ?

ಪೂರ್ತಿ ಉಚಿತ ಮಾಡಿದರೂ ಕಷ್ಟವೇ. ವಾಟ್ಸಾಪ್ ಗ್ರೂಪಿನಲ್ಲಿ ಹೆಬ್ಬೆರಳು ಒತ್ತಿದವರೆಲ್ಲ ಬರುವುದಿಲ್ಲ. ಕೈಯಿಂದ ಹತ್ತು ದಿರ್ಹಮ್ ಹೋಗಿದ್ದರೂ ಸಂಜೆ ಎದ್ದು ಹೊರಡಲು ಒಂದು ಕಾರಣ ಇರುತ್ತೆ. ಏನೂ ಹೋಗಿಲ್ಲ ಅಂದರೆ ರೂಮಿನ ಎಸಿ ಗೆಲ್ಲುತ್ತೆ.

ಹತ್ತು ಗಂಟೆಗೆ ಎದ್ದು ಹೋಗುವವರು ಯಾರು?

ಬಾರದವರ ಕಡೆಯಿಂದಲೂ ಲೆಕ್ಕ ಹಾಕಬೇಕು. ಜೆಬೆಲ್ ಅಲಿಯಿಂದಲೋ ಸೋನಾಪುರದಿಂದಲೋ ಒಬ್ಬ ಕೆಲಸಗಾರ ಊದ್ ಮೇತಾಕ್ಕೆ ಬರಬೇಕು ಅಂತಿಟ್ಟುಕೊಳ್ಳಿ. ಮೆಟ್ರೊದ ಸಾಮಾನ್ಯ ನೋಲ್ ಕಾರ್ಡ್‌ನಲ್ಲಿ ದೂರದ ಪ್ರಯಾಣಕ್ಕೆ ಒಂದು ಕಡೆಗೆ 7.50, ಹೋಗಿ ಬರಲು 15 ದಿರ್ಹಮ್. ಟಿಕೆಟ್ 50. ಹೊರಗೆ ಊಟ ಮಾಡಿದರೆ 15. ಒಟ್ಟು 80. ತಿಂಗಳಿಗೆ 1,200 ದುಡಿಯುವವನಿಗೆ ಇದು ಸುಮಾರು ಎರಡು ದಿನದ ಸಂಬಳ. ಶಾರ್ಜಾದ ನಾಲ್ಕು ಜನರ ಕುಟುಂಬಕ್ಕೆ ಟಿಕೆಟ್ 200, ಪೆಟ್ರೋಲ್, ಪಾರ್ಕಿಂಗ್, ದಾಟುವ ಪ್ರತಿ ಸಾಲಿಕ್ ಗೇಟಿಗೆ ವೇಳೆ ನೋಡಿಕೊಂಡು 4 ಅಥವಾ 6 ದಿರ್ಹಮ್, ಜೊತೆಗೆ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್.

ದುಡ್ಡಿಗಿಂತ ದೊಡ್ಡದು ಸಮಯ. ಶನಿವಾರ, ಭಾನುವಾರ ಮೆಟ್ರೊ ಮಧ್ಯರಾತ್ರಿವರೆಗೆ ಮಾತ್ರ. ಮೆಟ್ರೊ ಇಳಿದ ಮೇಲೆ ಕ್ಯಾಂಪಿಗೆ ಬಸ್ ಹಿಡಿಯಬೇಕು. ಮರುದಿನ ಬೆಳಿಗ್ಗೆ ಐದಕ್ಕೆ ಕಂಪನಿ ಬಸ್. ಆಮಂತ್ರಣದಲ್ಲಿ "ಸಂಜೆ 6 ಗಂಟೆಗೆ ಸರಿಯಾಗಿ" ಅಂತ ಇರುತ್ತೆ. ದೀಪ ಬೆಳಗುವಾಗ ಏಳೂವರೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಪ್ರಾಯೋಜಕರಿಗೆ ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಎಲ್ಲರ ಜೊತೆ ಗ್ರೂಪ್ ಫೋಟೋ. ಮುಖ್ಯ ಗಾಯಕರು ಮೈಕ್ ಹಿಡಿಯುವಾಗ ಒಂಬತ್ತೂವರೆ. ಹತ್ತು ಗಂಟೆಗೆ ಹಿಂದಿನ ಸಾಲಿನಿಂದ ಎದ್ದು ಹೋಗುವವರಿಗೆ ಹಾಡು ಇಷ್ಟ ಆಗಲಿಲ್ಲ ಅಂತಲ್ಲ, ಕೊನೆಯ ಬಸ್ ತಪ್ಪಬಾರದು ಅಂತ. ಎರಡು ದಿನದ ಸಂಬಳ ಕೊಟ್ಟು ಅರ್ಧ ಗಂಟೆ ಹಾಡು ಕೇಳಿದವನು ಮುಂದಿನ ಸಲ ಬರ್ತಾನಾ?

ವಾರಾಂತ್ಯಗಳೇ ಕಡಿಮೆ

ಇಲ್ಲಿ ಕಾರ್ಯಕ್ರಮದ ಸೀಸನ್ ಅಂದರೆ ಅಕ್ಟೋಬರ್‌ನಿಂದ ಏಪ್ರಿಲ್. ಜುಲೈ-ಆಗಸ್ಟ್‌ನಲ್ಲಿ ಕುಟುಂಬಗಳು ಊರಿಗೆ ಹೋಗಿರುತ್ತವೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತೆ; 2025ರಲ್ಲಿ ಅದು ಮಾರ್ಚ್ 1ಕ್ಕೆ ಶುರುವಾಯಿತು. ಈಗ ಕೆಲವು ವರ್ಷ ಪವಿತ್ರ ತಿಂಗಳು ಇದೇ ಸೀಸನ್ನಿನ ಒಳಗೇ ಬರುತ್ತೆ. ಆ ತಿಂಗಳು ಮನರಂಜನೆ ಕಾರ್ಯಕ್ರಮ ಇಡುವ ಪ್ರಶ್ನೆ ಇಲ್ಲ. ಡಿಸೆಂಬರ್ ಶಾಲಾ ರಜೆಯಲ್ಲಿ ಮತ್ತೆ ಕೆಲವರು ಊರಿಗೆ. ಎಲ್ಲಾ ಕಳೆದರೆ ಉಳಿಯುವುದು ಬೆರಳೆಣಿಕೆಯ ವಾರಾಂತ್ಯ.

ಅದರಲ್ಲೂ ನವೆಂಬರ್ ಬಂತೆಂದರೆ ರಾಜ್ಯೋತ್ಸವಗಳ ಸಾಲು. ಒಂದೇ ಶನಿವಾರ ದುಬೈನಲ್ಲಿ ಒಂದು, ಶಾರ್ಜಾದಲ್ಲಿ ಒಂದು, ಅಬುಧಾಬಿಯಲ್ಲಿ ಒಂದು. ಕೇಳುಗರು ಅದೇ ಜನ, ಪ್ರಾಯೋಜಕರು ಅದೇ ಅಂಗಡಿಯವರು. 2022ರಲ್ಲಿ ಸರ್ಕಾರ ವಾರಾಂತ್ಯವನ್ನು ಶನಿವಾರ-ಭಾನುವಾರಕ್ಕೆ ಬದಲಾಯಿಸಿದ ಮೇಲೆ ಶುಕ್ರವಾರದ ಹಳೆಯ ಅಭ್ಯಾಸ ಹೋಯಿತು. ಆಫೀಸಿನವರಿಗೆ ಎರಡು ದಿನ ರಜೆ. ಸೈಟ್, ಅಂಗಡಿ, ಹೋಟೆಲ್‌ನವರಿಗೆ ವಾರಕ್ಕೆ ಒಂದೇ ದಿನ. ನಾವು ಶನಿವಾರ ರಾತ್ರಿ ಕಾರ್ಯಕ್ರಮ ಇಟ್ಟರೆ ಆ ದಿನ ಡ್ಯೂಟಿ ಮುಗಿಸಿ ಬರಬೇಕಾದ ಅರ್ಧದಷ್ಟು ಕೇಳುಗರನ್ನು ನಾವೇ ಬಿಟ್ಟ ಹಾಗೆ. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸಿದರೆ ಇಬ್ಬರಿಗೂ ಅನುಕೂಲ.

ನಷ್ಟ ಕೊನೆಗೆ ಯಾರ ಮೇಲೆ?

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಭಾಗ. ಹಾಲ್‌ನವರು ಮುಂಗಡ ಪಡೆಯದೆ ಬೀಗ ತೆಗೆಯಲ್ಲ. ಸೌಂಡ್‌ನವರು ಅರ್ಧ ಮೊದಲೇ, ಉಳಿದರ್ಧ ಸಾಮಾನು ಇಳಿಸುವಾಗ. ವಿಮಾನ ಟಿಕೆಟ್ ಸಾಲ ಸಿಗಲ್ಲ. ಹಾಗಾದರೆ ಕೊರತೆ ಬಿದ್ದಾಗ ಕಾಯಬೇಕಾದವರು ಕಲಾವಿದರು. ಅದರಲ್ಲೂ ಸ್ಥಳೀಯ ವಾದ್ಯಗಾರರು, "ನಮ್ಮವನೇ ಅಲ್ವಾ, ಆಮೇಲೆ ಕೊಡೋಣ" ಅಂತ.

ಹಿಂದೆ ಒಂದು ಬಳಗದ ಲೆಕ್ಕಪತ್ರ ನಾನು ನೋಡಿಕೊಡುತ್ತಿದ್ದೆ. ತಬಲಾ ನುಡಿಸುವ ಹುಡುಗ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ರಿಹರ್ಸಲ್ ಸೇರಿ ಎರಡು ದಿನ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದ. ಒಪ್ಪಿದ ದುಡ್ಡಿನಲ್ಲಿ ಅರ್ಧ ಲಕೋಟೆಯಲ್ಲಿ, ಉಳಿದದ್ದು "ಬಾಕಿ" ಅಂತ ನನ್ನ ಪುಸ್ತಕದಲ್ಲಿ. ಆ ಬಾಕಿ ತೀರಲು ಏಳು ತಿಂಗಳು ಹಿಡಿಯಿತು. ಅವನು ಮತ್ತೆ ನುಡಿಸಲು ಬರಲಿಲ್ಲ. ಶಾಲು ಹೊದೆಸಿದ ಫೋಟೋ ಮಾತ್ರ ಗ್ರೂಪಿನಲ್ಲಿ ಇದೆ. ಜನ ಬಾರದ ಕಾರ್ಯಕ್ರಮದ ನಷ್ಟ ಹೀಗೆ ನಮ್ಮಂಥ ಇನ್ನೊಬ್ಬ ಕೆಲಸಗಾರನ ಜೇಬಿನಿಂದ ಹೋಗುತ್ತೆ.

ಇದರ ಮುಂದಿನ ಪರಿಣಾಮ ಇನ್ನೂ ದೊಡ್ಡದು. ಪ್ರಾಯೋಜಕರು ಕಳೆದ ವರ್ಷದ ಜನಸಂಖ್ಯೆ ಕೇಳುತ್ತಾರೆ. ಕಡಿಮೆ ಅಂದರೆ "ಸಿನಿಮಾದವರನ್ನು ಕರೆಸಿ" ಅಂತಾರೆ. ಆಗ ಬಜೆಟ್ ಹತ್ತು ಪಟ್ಟು, ಟಿಕೆಟ್ ಮೂರು ಪಟ್ಟು. ಭಾವಗೀತೆ, ತತ್ವಪದ, ದಾಸರಪದ ಹಾಡುವವರಿಗೆ ವೇದಿಕೆ ಇಲ್ಲ. ಇಲ್ಲಿ ಹುಟ್ಟಿದ ಮಕ್ಕಳು ಹಾರ್ಮೋನಿಯಂ ಅಂದರೆ ಏನು ಅಂತ ಮೊಬೈಲ್‌ನಲ್ಲೇ ನೋಡಬೇಕು.

ನಮ್ಮ ಸಂಗೀತ ಬೆಳೆದಿದ್ದೇ ಸಣ್ಣ ಜಾಗಗಳಲ್ಲಿ ಅನ್ನುವುದು ಮರೆಯಬಾರದು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಗುರು ಸವಾಯಿ ಗಂಧರ್ವರ ಊರು ಧಾರವಾಡ ಜಿಲ್ಲೆಯ ಕುಂದಗೋಳ. ಅಲ್ಲಿನ ನಾಡಿಗೇರ ವಾಡೆಯಲ್ಲಿ, ಅಂದರೆ ಒಂದು ಮನೆಯೊಳಗೆ, ಜನ ನೆಲದ ಮೇಲೆ ಕೂತು ಅಹೋರಾತ್ರಿ ಸಂಗೀತ ಕೇಳಿದ್ದಾರೆ. ಅಲ್ಲಿ ಅರೀನಾ ಇರಲಿಲ್ಲ, ಕೇಳುವವರು ಇದ್ದರು.

ಹಾಗಾದರೆ ಏನು ಮಾಡಬಹುದು?

ಕೇಳುಗರಿಗೆ:
- ಬರುವುದಾದರೆ ಟಿಕೆಟ್ ಮೊದಲೇ ತೆಗೆಯಿರಿ. ಬಾಗಿಲಲ್ಲಿ ಕೊಡುವ 50ಕ್ಕಿಂತ ಹತ್ತು ದಿನ ಮೊದಲು ಕೊಟ್ಟ 50 ಹೆಚ್ಚು ಉಪಯೋಗಕ್ಕೆ ಬರುತ್ತೆ. ಎಷ್ಟು ಸೌಂಡ್, ಎಷ್ಟು ಊಟ ಅಂತ ಸಂಘಟಕರು ನಿರ್ಧರಿಸುವುದು ಅದರ ಮೇಲೆ.
- ಪಾಸ್ ಕೇಳಬೇಡಿ. ಶಕ್ತಿ ಇದ್ದರೆ ಎರಡು ಟಿಕೆಟ್ ತೆಗೆದು ಒಂದನ್ನು ಕ್ಯಾಂಪಿನ ಗೆಳೆಯನಿಗೆ ಕೊಡಿ. ಕಾರಿನಲ್ಲಿ ಸೀಟು ಖಾಲಿ ಇದ್ದರೆ ಅವನನ್ನೂ ಕರೆತನ್ನಿ.
- ಬರಲು ಆಗದಿದ್ದರೆ ಹೇಳಿ. ಆ ಸೀಟು ಇನ್ನೊಬ್ಬರಿಗೆ ಸಿಗುತ್ತೆ.

ಸಂಘಟಕರಿಗೆ:
- ಕಾರ್ಯಕ್ರಮಕ್ಕೆ ಅನುಮತಿ ಪಡೆದು, ಟಿಕೆಟ್ ಅಧಿಕೃತ ವ್ಯವಸ್ಥೆಯಲ್ಲೇ ಮಾರಿ. ಅನುಮತಿ ಇಲ್ಲದೆ ವಂತಿಗೆ ಎತ್ತುವುದು 2021ರ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಒಳ್ಳೆಯ ಉದ್ದೇಶ ಇತ್ತು ಅನ್ನುವುದು ಉತ್ತರ ಆಗಲ್ಲ.
- 250ರ ಹಾಲ್ ತುಂಬಲ್ಲ ಅಂದರೆ 120ರ ಹಾಲ್ ಹಿಡಿಯಿರಿ. ಅಲ್ ಖೂಜ್‌ನ ಅಲ್ಸರ್ಕಲ್ ಅವೆನ್ಯೂದಲ್ಲಿ ಗೋದಾಮುಗಳೇ ಕಲಾ ಕೇಂದ್ರಗಳಾಗಿ ಎಷ್ಟೋ ಸಣ್ಣ ಕಾರ್ಯಕ್ರಮ ನಡೆಯುತ್ತಿವೆ. ಸಣ್ಣ ಜಾಗ ತುಂಬಿದರೆ ಹಾಡುವವರಿಗೂ ಹುರುಪು.
- ಸ್ಥಳೀಯ ವಾದ್ಯಗಾರರ ಹಣವನ್ನು ಹಾಲ್ ಬಾಡಿಗೆಯ ಜೊತೆಗೇ ಬದಿಗಿಡಿ. ಕೊರತೆ ಬಿದ್ದರೆ ಶಾಲು, ಫಲಕದಲ್ಲಿ ಕಡಿಮೆ ಮಾಡಿ.
- ದಿನಾಂಕ ಹಾಕುವ ಮೊದಲು ಉಳಿದ ಸಂಘಗಳಿಗೆ ಒಂದು ಫೋನ್ ಮಾಡಿ. ಸನ್ಮಾನ ಹದಿನೈದು ನಿಮಿಷದಲ್ಲಿ ಮುಗಿಸಿ. ಮುಗಿಯುವ ವೇಳೆಯನ್ನೂ ಆಮಂತ್ರಣದಲ್ಲಿ ಬರೆಯಿರಿ, ದೂರದಿಂದ ಬರುವವನು ಮೊದಲು ನೋಡುವುದು ಅದನ್ನೇ.
- ಕಾರ್ಯಕ್ರಮ ಮುಗಿದ ವಾರದೊಳಗೆ ಜಮಾ-ಖರ್ಚು ಗ್ರೂಪಿನಲ್ಲಿ ಹಾಕಿ. ಕೊರತೆ ಇದ್ದರೂ ಹಾಕಿ. ಲೆಕ್ಕ ಕಂಡ ಜನ ಮುಂದಿನ ಸಲ ಟಿಕೆಟ್ ತೆಗೆಯಲು ಹಿಂದೆ ಮುಂದೆ ನೋಡಲ್ಲ.

ಮೇಲಿನ ಉದಾಹರಣೆಯಲ್ಲೇ ಇನ್ನೂ 60 ಜನ ದುಡ್ಡು ಕೊಟ್ಟು ಬಂದಿದ್ದರೆ ಕೊರತೆ 13,000ದಿಂದ 10,000ಕ್ಕೆ ಇಳಿಯುತ್ತಿತ್ತು. ಆ 3,000ದಲ್ಲಿ ತಬಲಾ, ಕೀಬೋರ್ಡ್‌ನವರ ಪೂರ್ತಿ ಸಂಭಾವನೆ ಕೊಟ್ಟು ಅಷ್ಟೇ ಮೊತ್ತ ಉಳಿಯುತ್ತೆ. 38 ಲಕ್ಷ ಜನರ ಊರಿನಲ್ಲಿ ನಮಗೆ ಬೇಕಾಗಿರುವುದು ಆ ಅರವತ್ತು ಜನ. ಮುಂದಿನ ಆಮಂತ್ರಣ ಬಂದಾಗ ಹೆಬ್ಬೆರಳು ಒತ್ತುವ ಬದಲು ಟಿಕೆಟ್ ತೆಗೆಯಿರಿ.