ಶಾಲೆಯ ಮುಂದಿನ ಇಪ್ಪತ್ತೆರಡು ಸೆಕೆಂಡು

ಬೆಳಗಿನ ಒಂಬತ್ತೂವರೆ ಗಂಟೆ. ಹರ್ತಿಯಿಂದ ಗದಗಕ್ಕೆ ನೌಕರಿಗೆ ಹೊರಟ ಬೈಕ್ ಸವಾರನಿಗೆ ಹಾಜರಿ ಪುಸ್ತಕದ ಚಿಂತೆ. ಮುಂದೆ ಬಸ್ಸು ನಿಂತಿದೆ, ಹಿಂದೆ ಟ್ರ್ಯಾಕ್ಟರ್ ಹಾರ್ನ್ ಬಾರಿಸುತ್ತಿದೆ. ನಡುವೆ ಪಾಟಿಚೀಲ ಹೊತ್ತ ಮಕ್ಕಳ ಹಿಂಡು. ಅರ್ಧ ರಸ್ತೆ ದಾಟಿದ ಹುಡುಗನೊಬ್ಬ, ಹಿಂದೆ ಉಳಿದ ಗೆಳೆಯನಿಗಾಗಿ ತಟ್ಟನೆ ತಿರುಗಿ ಓಡುತ್ತಾನೆ. 'ಏ ತಮ್ಮಾ, ನೋಡಿ ದಾಟೋ!' ಎಂದು ಸವಾರ ಗದರುತ್ತಾನೆ. ದಿನಾ ಇದೇ ಕಿರಿಕಿರಿ.

ಸವಾರರ ದೂರು ಪೂರ್ತಿ ಸುಳ್ಳಲ್ಲ. ಎಷ್ಟೋ ಶಾಲೆಗಳ ಮುಂದಿನ ಉಬ್ಬುಗಳಿಗೆ ಅಳತೆಯೂ ಇಲ್ಲ, ಬಿಳಿ ಬಣ್ಣವೂ ಇಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಉಬ್ಬು 3.7 ಮೀಟರ್ ಅಗಲವಿದ್ದು, ನಡುವೆ 10 ಸೆಂಟಿಮೀಟರ್ ಎತ್ತರವಿರಬೇಕು. ಆಗ 25 ಕಿ.ಮೀ. ವೇಗದಲ್ಲಿ ಬೆನ್ನಿಗೆ ಪೆಟ್ಟಾಗದಂತೆ ದಾಟಬಹುದು. ರಾತ್ರೋರಾತ್ರಿ ಸುರಿದ ಮಣ್ಣು-ಕಲ್ಲಿನ ದಿಬ್ಬಕ್ಕೆ ಈ ಗುಣವಿಲ್ಲ.

ಆದರೂ ನಿಧಾನವಾಗಿ ಹೋದರೆ ಆಗುವ ನಷ್ಟವೆಷ್ಟು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಶಾಲೆಯ ಆಸುಪಾಸಿನ 300 ಮೀಟರ್ ರಸ್ತೆಯನ್ನು ಗಂಟೆಗೆ 50 ಕಿ.ಮೀ. ವೇಗದಲ್ಲಿ ದಾಟಲು ಸುಮಾರು 22 ಸೆಕೆಂಡು ಬೇಕು. 25 ಕಿ.ಮೀ. ವೇಗದಲ್ಲಾದರೆ 43 ಸೆಕೆಂಡು. ವ್ಯತ್ಯಾಸ ಬರೀ ಇಪ್ಪತ್ತೆರಡು ಸೆಕೆಂಡು. ದಾರಿಯಲ್ಲಿ ಮೂರು ಶಾಲೆಗಳಿದ್ದರೂ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಅಷ್ಟೆ!

ಬ್ರೇಕಿನ ಗಣಿತ

ಈಗ ಇನ್ನೊಂದು ಲೆಕ್ಕ. ಮಗು ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 50 ಕಿ.ಮೀ. ವೇಗದ ವಾಹನ ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಮುಂದೆ ಹೋಗಿರುತ್ತದೆ. ಒಣ ಡಾಂಬರು ರಸ್ತೆಯಲ್ಲಿ, ಒಳ್ಳೆಯ ಬ್ರೇಕ್ ಇದ್ದರೂ, ಪೂರ್ತಿ ನಿಲ್ಲಲು ಮತ್ತೆ ಸುಮಾರು 14 ಮೀಟರ್ ಬೇಕು. ಒಟ್ಟು 28 ಮೀಟರ್. ವೇಗ 25 ಕಿ.ಮೀ. ಇದ್ದರೆ ಹತ್ತೂವರೆ ಮೀಟರ್ ಒಳಗೇ ವಾಹನ ನಿಲ್ಲುತ್ತದೆ.

ಮಗು 14 ಮೀಟರ್ ದೂರದಲ್ಲಿ ಅಡ್ಡ ಬಂದಿತೆನ್ನಿ. ನಿಧಾನದ ಸವಾರ ಮೂರು ಮೀಟರಿಗೂ ಹೆಚ್ಚು ಜಾಗ ಉಳಿಸಿ ನಿಂತಿರುತ್ತಾನೆ. ಅವಸರದ ಸವಾರ ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ. ಪೂರ್ತಿ ವೇಗದಲ್ಲೇ ಮಗುವಿಗೆ ಅಪ್ಪಳಿಸುತ್ತಾನೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಪಾಠದ ನಿಜವಾದ ಅರ್ಥ ಇದೇ.

ಮಗುವಿನ ಕಣ್ಣು

'ಅಷ್ಟು ದೊಡ್ಡ ಗಾಡಿ ಕಾಣಲಿಲ್ಲವೇ?' ಎಂದು ದೊಡ್ಡವರು ಕೇಳುತ್ತಾರೆ. ಗಾಡಿ ಕಾಣುತ್ತದೆ, ಅದರ ವೇಗ ತಿಳಿಯುವುದಿಲ್ಲ. ಇಂಗ್ಲೆಂಡಿನ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಟೆಗೆ ಸುಮಾರು 32 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನ ತಮ್ಮತ್ತ ಬರುತ್ತಿದೆ ಎಂಬುದನ್ನೇ ಪ್ರಾಥಮಿಕ ಶಾಲೆಯ ಮಕ್ಕಳು ಗುರುತಿಸದೆ ಹೋಗಬಹುದು. ಇದು ತುಂಟತನವಲ್ಲ, ವಯಸ್ಸಿನ ಮಿತಿ. ಪಾದಚಾರಿಗಳು ಮತ್ತು ವಾಹನಗಳು ಬೆರೆಯುವ ಕಡೆ ಗರಿಷ್ಠ ವೇಗ 30 ಕಿ.ಮೀ. ಇರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ.

ಹಾರ್ನ್ ಇದಕ್ಕೆ ಮದ್ದಲ್ಲ. ಬೆಚ್ಚಿದ ಮಗು ಮುಂದೋಡಬಹುದು, ಹಿಂದೋಡಬಹುದು, ನಿಂತೇಬಿಡಬಹುದು. ಶಾಲೆಯ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಶಬ್ದಮಾಲಿನ್ಯ ನಿಯಮಗಳಲ್ಲಿ ಅವಕಾಶವಿದೆ. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್ ಮಾತ್ರ.

ಪಾಲಕರ ಪಾಲು

ಗೇಟಿನ ಮುಂದೆಯೇ ಬೈಕ್ ನಿಲ್ಲಿಸಿ ಮಕ್ಕಳನ್ನು ಇಳಿಸುವ ಪಾಲಕರೂ ಯೋಚಿಸಬೇಕು. ಸಾಲಾಗಿ ನಿಂತ ಗಾಡಿಗಳ ಮರೆಯಿಂದ ಹೊರಬರುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಐವತ್ತು ಹೆಜ್ಜೆ ಆಚೆ ನಿಲ್ಲಿಸಿ, ಕೈಹಿಡಿದು ನಡೆಸಿಕೊಂಡು ಬಂದರೆ ಗೇಟಿನ ಮುಂದಿನ ಗದ್ದಲ ಅರ್ಧಕ್ಕರ್ಧ ಇಳಿಯುತ್ತದೆ. ಹೈಸ್ಕೂಲು ಹುಡುಗನ ಕೈಗೆ ಬೈಕಿನ ಕೀಲಿ ಕೊಡುವುದು ಇನ್ನೂ ದೊಡ್ಡ ತಪ್ಪು. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ಪಾಲಕರಿಗೇ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಕಚೇರಿಗೆ ಒಂದು ನಿಮಿಷ ತಡವಾದರೆ ಸಾಹೇಬರು ಬೈದಾರು. ಸಂಜೆಗೆ ಅದು ಮರೆತೂ ಹೋದೀತು. ಸಂಜೆ ಮನೆಗೆ ಮರಳಬೇಕಾದ ಮಗು ಮರಳದಿದ್ದರೆ ಆ ಮನೆ ಎಂದಿಗೂ ಮರೆಯುವುದಿಲ್ಲ. ನಾಳೆ ಬೆಳಿಗ್ಗೆ ಶಾಲೆಯ ಫಲಕ ಕಂಡಾಗ ಬೆರಳು ಹಾರ್ನಿನತ್ತ ಹೋಗುವ ಮೊದಲು ಕಾಲು ಬ್ರೇಕಿನತ್ತ ಹೋಗಲಿ.